ಮರಣವು ಸಮೀಪಿಸಿದವರಿಗೆ ಸತ್ಯವನ್ನು ತಿಳಿಸುವ ವಿಷಯ

ನಮ್ಮ ಸಭೆಗಳಲ್ಲಿ ಯಾರಿಗಾದರೂ ವಾಸಿಯಾಗದ ರೋಗವುಂಟೆಂದು ವೈದ್ಯರು ತಿಳಿಸಿದ ಕೂಡಲೆ ಮನೆಯವರು ಮಾಡುವ ಮೊದಲನೆಯ ಕಾರ್ಯವೇನಂದರೆ, ಆ ಸಂಗತಿಯನ್ನು ರೋಗಿಯಿಂದ ಮರೆಮಾಡುವದೇ. ಮಗನು ಆಸ್ಪತ್ರೆಯ ಪಡಸಾಲೆಯಲ್ಲಿ ವೈದ್ಯರಿಗೆ ಕೈಮುಗಿದು, ತಾಯಿಗೆ ಮಾತ್ರ ತಿಳಿಸಬೇಡಿರೆಂದು ಬೇಡಿಕೊಳ್ಳುತ್ತಾನೆ. ಪ್ರಾರ್ಥನೆಗೆ ಹೋದ ಉಪದೇಶಿಯನ್ನೂ ಬಾಗಲಲ್ಲೇ ತಡೆದು, ಸ್ವಸ್ಥತೆಗಾಗಿ ಮಾತ್ರ ಪ್ರಾರ್ಥಿಸಿರಿ ಅಯ್ಯನವರೇ, ಬೇರೆ ಮಾತನ್ನು ಎತ್ತಬೇಡಿರಿ ಅನ್ನುತ್ತಾರೆ. ಇದು ಕೆಟ್ಟ ಮನಸ್ಸಿನಿಂದ ಆಗುವದಲ್ಲ, ಪ್ರೀತಿಯಿಂದಲೇ ಆಗುವದು. ಆದರೂ ಪ್ರೀತಿಯಿಂದ ಹೇಳಿದ ಸುಳ್ಳು ಸುಳ್ಳಲ್ಲವೋ? ಮತ್ತು ಅದರಿಂದ ರೋಗಿಗೆ ನಿಜವಾಗಿ ಉಪಕಾರವಾಗುವದೋ? ಇದನ್ನು ನಾವು ಇಲ್ಲಿ ವಿಚಾರಿಸುವೆವು.

ಮೊದಲಾಗಿ, ಮರೆಮಾಡಿದ್ದು ಮರೆಯಾಗಿಯೇ ಇರುವದೋ? ರೋಗಿಗೆ ಅವಳ ದೇಹವೇ ಸುದ್ದಿಯನ್ನು ಹೇಳುತ್ತದೆ. ವರುಷಕ್ಕೊಮ್ಮೆಯೂ ಬಾರದ ತಮ್ಮನು ಮುಂಬಯಿಯಿಂದ ರಾತ್ರಿಯ ಬಸ್ಸು ಹತ್ತಿ ಬಂದಾಗ, ನೆರೆಯವರು ಜಗಲಿಯಲ್ಲಿ ಪಿಸುಗುಟ್ಟಿ ಒಳಗೆ ಬಂದು ನಗುಮುಖ ಮಾಡಿದಾಗ, ಹಾಸಿಗೆಯಲ್ಲಿರುವವಳಿಗೆ ಏನೂ ತಿಳಿಯದೋ? ತಿಳಿಯುತ್ತದೆ. ಆದರೆ ಮಕ್ಕಳು ನೊಂದಾರೆಂದು ಅವಳೂ ಮರೆಮಾಡುತ್ತಾಳೆ. ಹೀಗೆ ಇಬ್ಬರೂ ಬಲ್ಲವರಾಗಿದ್ದು ಅರಿಯದವರ ವೇಷ ಹಾಕುತ್ತಾರೆ. ಉಳಿದ ಕೆಲವು ವಾರಗಳು ಈ ಬಯಲಾಟದಲ್ಲೇ ಕಳೆದುಹೋಗುತ್ತವೆ. ಅವಳಿಗೆ ತೀರಿಸತಕ್ಕ ಸಾಲವಿರಬಹುದು. ಇಪ್ಪತ್ತು ವರುಷಗಳಿಂದ ಮಾತು ಬಿಟ್ಟಿರುವ ತಂಗಿಯನ್ನು ಕರಿಸಬೇಕೆಂದಿರಬಹುದು. ಕಿವಿಯ ಓಲೆಯು ಯಾವ ಮೊಮ್ಮಗಳಿಗೆ ಸೇರಬೇಕೆಂದು ಹೇಳಬೇಕಾಗಿರಬಹುದು. ಕರ್ತನ ಭೋಜನದಲ್ಲಿ ಇನ್ನೊಂದು ಸಾರಿ ಪಾಲುಗಾರಳಾಗುವ ಆಶೆಯಿರಬಹುದು. ಸುತ್ತಲಿರುವವರೆಲ್ಲರೂ ಇನ್ನೆರಡು ವಾರದಲ್ಲಿ ಗುಣವಾಗುತ್ತದಮ್ಮಾ ಅನ್ನುತ್ತಿರುವಾಗ ಇವುಗಳಲ್ಲಿ ಒಂದನ್ನಾದರೂ ಅವಳು ಬಾಯಿಬಿಟ್ಟು ಹೇಳುವದು ಹೇಗೆ?

ತಿಳಿಸಿದರೆ ಧೈರ್ಯಗೆಟ್ಟು ಬೇಗ ಸಾಯುವಳೆಂದು ಮನೆಯವರು ಹೇಳುವರು. ಈ ಆಕ್ಷೇಪಣೆಯನ್ನು ನಾವು ಹಗುರವಾಗಿ ತಳ್ಳುವದಿಲ್ಲ. ಸತ್ಯವನ್ನು ಕಲ್ಲಿನಂತೆ ಎಸೆಯುವವರೂ ಉಂಟಷ್ಟೆ. ಸಾಲಾಗಿ ನಿಂತ ರೋಗಿಗಳ ನಡುವೆ, ಕಾಗದದಿಂದ ಕಣ್ಣೆತ್ತದೆ, ಇನ್ನು ಮಾಡುವದಕ್ಕೇನೂ ಇಲ್ಲ, ಮನೆಗೆ ಕರಕೊಂಡು ಹೋಗಿರಿ ಎಂದು ಹೇಳಿಬಿಡುವ ವೈದ್ಯನು ಒಬ್ಬನು. ಮಂಚದ ಕಾಲದೆಸೆಯಲ್ಲಿ ನಿಂತು ನ್ಯಾಯತೀರ್ಪಿನ ವಿಷಯವಾಗಿ ಕೂಗಿ ಹೇಳುವ ಸಹೋದರನು ಇನ್ನೊಬ್ಬನು. ಇವನ ಆಸಕ್ತಿಯನ್ನು ನಾವು ಮೆಚ್ಚುವದಿಲ್ಲ. ಇಬ್ಬರೂ ಹೇಳಿದ್ದು ಸತ್ಯವಾಗಿದ್ದರೂ ಕೇಳುವವಳನ್ನು ಅವರು ನೋಡಲೇ ಇಲ್ಲ. 2000ನೇ ವರುಷದಲ್ಲಿ ಅಮೇರಿಕ ಮತ್ತು ಕೆನಡ ದೇಶಗಳ ಕೆಲವು ವೈದ್ಯರು ದುಃಖದ ಸುದ್ದಿಯನ್ನು ತಿಳಿಸುವದಕ್ಕೆ ಆರು ಮೆಟ್ಟಲುಗಳ ಕ್ರಮವೊಂದನ್ನು ಬರೆದರು. ಅದರಲ್ಲಿ ಸುದ್ದಿಯನ್ನು ಹೇಳುವದು ನಾಲ್ಕನೆಯ ಮೆಟ್ಟಲು. ಅದಕ್ಕೆ ಮುಂಚೆ ಏಕಾಂತವಾದ ಸ್ಥಳದಲ್ಲಿ ಕೂತುಕೊಳ್ಳಬೇಕು, ರೋಗಿಯು ತನ್ನ ರೋಗವನ್ನು ಏನೆಂದು ತಿಳಿದಿರುವನೆಂದು ಕೇಳಬೇಕು, ಎಷ್ಟನ್ನು ತಿಳಿಯಲು ಇಷ್ಟಪಡುವನೆಂದೂ ಕೇಳಬೇಕು. ನನಗೇನೂ ಹೇಳಬೇಡಿರಿ, ಮಗನಿಗೆ ಹೇಳಿರಿ ಎಂದು ಅವನು ಅಂದರೆ, ಆ ಮಾತಿಗೂ ಗೌರವ ಕೊಡಬೇಕು. ಹಾಗಾದರೆ ಮುಚ್ಚಿದ್ದು ರೋಗಿಯೇ, ಮಗನಲ್ಲ. ಇವೆರಡರೊಳಗೆ ಬಹಳ ಭೇದವುಂಟು.

ಅರಸನಾದ ಹಿಜ್ಕೀಯನ ಚರಿತ್ರೆಯನ್ನು ನಾವೆಲ್ಲರೂ ಬಲ್ಲೆವು. ಪ್ರವಾದಿಯಾದ ಯೆಶಾಯನು ಮರಣದ ಸುದ್ದಿಯನ್ನು ಅವನಿಗೆ ಮುಚ್ಚುಮರೆಯಿಲ್ಲದೆ ತಿಳಿಸಿದನು. ಅರಸನು ಗೋಡೆಯ ಕಡೆಗೆ ಮುಖ ತಿರುಗಿಸಿ ಅತ್ತು ಪ್ರಾರ್ಥಿಸಿದನು. ಸತ್ಯವನ್ನು ತಿಳಿದದ್ದರಿಂದ ಅವನ ಪ್ರಾರ್ಥನೆಯು ಅಡಗಿಹೋಗಲಿಲ್ಲ, ತಿಳಿದದ್ದರಿಂದಲೇ ಹುಟ್ಟಿತು. ಸುದ್ದಿಯನ್ನು ತಂದವನೇ ತಿರಿಗಿ ರೋಗಿಯ ಬಳಿಗೆ ಬಂದು, ದೇವರ ವಾಗ್ದಾನವನ್ನೂ ಹುಣ್ಣಿಗೆ ಅಂಜೂರದ ಔಷಧವನ್ನೂ ಕೊಟ್ಟನು. ಅರಸನಿಗೆ ಹದಿನೈದು ವರುಷಗಳು ಸಿಕ್ಕಿದವು. ಎಲ್ಲರಿಗೂ ಹಾಗೆ ಸಿಕ್ಕುವದಿಲ್ಲವೆಂದು ನಾವು ಬಲ್ಲೆವು. ಆದರೆ ಹೇಳಿದವನು ತಿರಿಗಿ ಬರುವದು ಎಲ್ಲರಿಗೂ ಸಿಕ್ಕತಕ್ಕದ್ದೇ.

ಈ ತಿರಿಗಿ ಬರುವ ಕೆಲಸವನ್ನೇ ತನ್ನ ಆಯುಷ್ಯದ ಸೇವೆಯಾಗಿ ಮಾಡಿಕೊಂಡ ಸ್ತ್ರೀಯೊಬ್ಬಳು ಇಂಗ್ಲೆಂಡಿನಲ್ಲಿದ್ದಳು. ಸಿಸಿಲಿ ಸಾಂಡರ್ಸ್ ಎಂಬ ಆಕೆಯು ಲಂಡನ್ನಿನ ಆಸ್ಪತ್ರೆಗಳಲ್ಲಿ ಸೇವೆ ಮಾಡುತ್ತಿದ್ದ ಕಾಲದಲ್ಲಿ, ಪೋಲೆಂಡಿನಿಂದ ಬಂದಿದ್ದ ಡೇವಿಡ್ ಟಾಸ್ಮಾ ಎಂಬ ಯೆಹೂದ್ಯನು ಕ್ಯಾನ್ಸರ್ ರೋಗದಿಂದ ಮರಣೋನ್ಮುಖನಾಗಿದ್ದನು. ಅವನಿಗೆ ಆ ಊರಲ್ಲಿ ನೆಂಟರಿಷ್ಟರಿರಲಿಲ್ಲ. ಮರಣವು ಸಮೀಪವೆಂದು ಇಬ್ಬರೂ ಬಲ್ಲವರಾಗಿಯೇ ಕೂತು ಮಾತಾಡುತ್ತಿದ್ದರು; ಸಾಯುವವರನ್ನು ಹೇಗೆ ನೋಡಿಕೊಳ್ಳಬೇಕೆಂಬದೂ ಆ ಮಾತುಗಳಲ್ಲಿ ಸೇರಿತ್ತು. 1948ರಲ್ಲಿ ಅವನು ಸಾಯುವಾಗ, ಆಕೆಯು ಮುಂದೆ ಕಟ್ಟಿಸುವ ಮನೆಗೆ ಒಂದು ಕಿಟಕಿಯಾಗಲಿ ಎಂದು 500 ಪೌಂಡುಗಳನ್ನು ಬಿಟ್ಟುಹೋದನು. ಆಕೆಯು ವೈದ್ಯವಿದ್ಯೆಯನ್ನು ಕಲಿತು, ಹತ್ತೊಂಭತ್ತು ವರುಷಗಳ ತರುವಾಯ, 1967ರಲ್ಲಿ, ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆರೈಕೆಯ ಮನೆಯನ್ನು ತೆರೆದಳು. ಸಾಯುವವನ ನೋವು ದೇಹದ್ದು ಮಾತ್ರವಲ್ಲ, ಮನಸ್ಸಿನದೂ ಮನೆಮಂದಿಯದೂ ಆತ್ಮದ್ದೂ ಕೂಡಿದ ಒಂದೇ ನೋವೆಂದು ಆಕೆ ಕಲಿಸಿದಳು. ನಮ್ಮ ದೇಶದಲ್ಲಿಯೂ 1993ರಿಂದ ಕಲ್ಲಿಕೋಟೆಯಲ್ಲಿ, 1999ರಿಂದ ಬೆಂಗಳೂರಿನ ಕರುಣಾಶ್ರಯದಲ್ಲಿ ಇಂಥ ಆರೈಕೆಯು ನಡೆಯುತ್ತಿದೆ. ಕರುಣಾಶ್ರಯದಲ್ಲಿ ಹಣವನ್ನು ಕೇಳುವದಿಲ್ಲ.

ದೇಹದ ನೋವಿನ ವಿಷಯವಾಗಿ ಎರಡು ಮಾತು ಸಾಕು. ಮಾರ್ಫೀನ್ ಅಫೀಮಿನಿಂದಾದದ್ದೆಂದು ಅಂಜಿ, ವಿಶ್ವಾಸಿಯು ಅದನ್ನು ಮುಟ್ಟಬಾರದೆಂದು ಹೇಳುವವರಿದ್ದಾರೆ. ವೈದ್ಯರ ಅಳತೆಯಲ್ಲಿ ತಕ್ಕೊಂಡದ್ದು ಪಾಪವಲ್ಲ; ನೋವಿನಿಂದ ಹೊರಳಾಡುವವನಿಗೆ ಪ್ರಾರ್ಥನೆಯ ಮಾತು ಕಿವಿಗೂ ಬೀಳುವದಿಲ್ಲ. ಅದನ್ನು ಆಸ್ಪತ್ರೆಗಳು ಪಡೆಯುವ ದಾರಿಯನ್ನು 2014ರ ಕಾನೂನು ತಿದ್ದುಪಡಿಯು ಸುಲಭಮಾಡಿತು. ವಾಸಿಯಾಗುವ ನಿರೀಕ್ಷೆಯೇ ಇಲ್ಲದಿರುವಾಗ ಯಂತ್ರದಿಂದ ಉಸಿರಾಡಿಸಬಾರದೆಂದು ಒಬ್ಬನು ಸ್ವಸ್ಥಬುದ್ಧಿಯುಳ್ಳವನಾಗಿರುವಾಗಲೇ ಬರೆದಿಡುವದನ್ನು ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿ, 2023ರಲ್ಲಿ ಅದರ ಕ್ರಮವನ್ನು ಹಗುರಮಾಡಿತು. ಇಬ್ಬರು ಸಾಕ್ಷಿಗಳ ಮುಂದೆ ರುಜು ಹಾಕಿ ನೋಟರಿಯಿಂದ ದೃಢಪಡಿಸಿದರೆ ಸಾಕು. 2025ರ ಜನವರಿಯಲ್ಲಿ ಕರ್ನಾಟಕ ಸರಕಾರವೂ ಇದನ್ನು ನಡಿಸಲು ಆಜ್ಞೆ ಹೊರಡಿಸಿತು. ಇದು ಆತ್ಮಹತ್ಯವೆಂದು ನಾವು ಎಣಿಸುವದಿಲ್ಲ. ರೋಗವು ಕೊಲ್ಲುವದು, ಕಾಗದವು ಕೊಲ್ಲುವದಿಲ್ಲ. ಆದರೆ ಮರಣದ ಮಾತನ್ನೇ ಎತ್ತದ ಮನೆಯಲ್ಲಿ ಇಂಥ ಕಾಗದವನ್ನು ಬರೆಯುವವರಾರು?

ಕಡೆಯದಾಗಿ, ರೋಗಿಯು ಮಾತು ನಿಲ್ಲಿಸಿ ಕಣ್ಣುಮುಚ್ಚಿ ಮಲಗಿರುವ ದಿವಸಗಳ ವಿಷಯ. ಯೋಬನ ಸ್ನೇಹಿತರು ಏಳು ದಿವಸ ಸುಮ್ಮನೆ ಕೂತಿದ್ದಾಗ ಅವನಿಗೆ ಒಳ್ಳೆಯ ಸ್ನೇಹಿತರಾಗಿದ್ದರು. ನಮ್ಮಲ್ಲಿ ಸುಮ್ಮನಿರುವದಕ್ಕೆ ಯಾರಿಗೂ ಬರುವದಿಲ್ಲ; ಮಂಚದ ಪಕ್ಕದಲ್ಲೇ ಹೊಲದ ಪಾಲು, ಪೆಟ್ಟಿಗೆಯ ಖರ್ಚು, ಕುಣಿ ತೋಡುವವರ ಕೂಲಿ, ಎಲ್ಲವೂ ನಡೆಯುತ್ತದೆ. ಕೆನಡದಲ್ಲಿ ಮರಣಶಯ್ಯೆಯ ಮೇಲಿದ್ದ ಕೆಲವರನ್ನು ಪರೀಕ್ಷಿಸಿದ ಪಂಡಿತರು, ಕರೆದರೂ ಓಗೊಡದವರಲ್ಲಿ ಕೆಲವರ ಮಿದುಳು ಧ್ವನಿಗಳನ್ನು ಇನ್ನೂ ಗುರುತಿಸುತ್ತಿತ್ತೆಂದು 2020ರಲ್ಲಿ ಪ್ರಕಟಿಸಿದರು. ಆ ಮಿದುಳು ಮಾತಿನ ಅರ್ಥವನ್ನು ತಿಳಿಯಿತೆಂದು ಅವರು ಹೇಳಲಿಲ್ಲ, ನಾವೂ ಹೇಳುವದಿಲ್ಲ. ಆದರೂ ಹೊಲದ ಮಾತನ್ನು ಜಗಲಿಗೆ ಒಯ್ದು, ಒಳಗೆ ಒಬ್ಬರು ಅವಳ ಕೈಹಿಡಿದು ಕೂತು, ಯಾರು ಯಾರು ಬಂದಿದ್ದಾರೆಂದು ಹೆಸರು ಹೆಸರಾಗಿ ಅವಳಿಗೆ ಹೇಳುತ್ತಿರಲಿ.