ಚಿಲ್ಲರೆ ಬಾಕಿ

ಶರ್ಟಿನ ಒಂದು ಗುಂಡಿ ಹಾಕಿಕೊಳ್ಳೋದಕ್ಕೆ ಅಪ್ಪ 11 ನಿಮಿಷ ತಗೊಂಡರು. ನಾನು ಫೋನಿನಲ್ಲಿ ಟೈಮ್ ನೋಡ್ತಾ ಎದುರಿಗೇ ಕೂತಿದ್ದೆ. ಅಷ್ಟು ಹೊತ್ತಿನಲ್ಲಿ ನನ್ನ ಕೈ ಎಷ್ಟು ಸಲ ಮುಂದಕ್ಕೆ ಹೋಗಿ ವಾಪಸ್ ಬಂತೋ ಲೆಕ್ಕವಿಲ್ಲ. ನಾನು ಹಾಕಿದ್ದರೆ ಐದು ಸೆಕೆಂಡಿನ ಕೆಲಸ. ಹಾಕಿಬಿಡಬೇಕಿತ್ತಾ? ಸುಮ್ಮನೆ ಕೂತಿದ್ದೇ ಸರಿಯಾ? ಇದೇನು ದೊಡ್ಡ ಪ್ರಶ್ನೆ ಅನ್ನಬಹುದು ನೀವು. ನನಗೂ ಹಾಗೇ ಅನ್ನಿಸ್ತಿತ್ತು.

ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದವರು. ರಿಟೈರ್ ಆದಮೇಲೆ ಅಮ್ಮನ ಜೊತೆ ಮೈಸೂರಲ್ಲಿದ್ದಾರೆ. ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಒಂದು ಮಂಗಳವಾರ ಬೆಳಿಗ್ಗೆ ಏಳೂವರೆಗೆ ಅಮ್ಮ ಫೋನ್ ಮಾಡಿದರು. "ಅಪ್ಪನ ಕೈಯಿಂದ ಕಾಫಿ ಲೋಟ ಜಾರಿಬಿತ್ತು ಕಣೋ. ಮಾತೂ ಯಾಕೋ ತೊದಲ್ತಿದೆ." ನಾನು ಆಫೀಸಿಗೆ ಹೊರಡೋ ಗಡಿಬಿಡಿಯಲ್ಲಿದ್ದೆ. "ಬಿಪಿ ಏರಿರಬೇಕಮ್ಮ, ಸ್ವಲ್ಪ ಹೊತ್ತು ಮಲಗಲಿ. ಮಧ್ಯಾಹ್ನ ಮಾಡ್ತೀನಿ" ಅಂದೆ. ಮಗ ಓದಿದವನು, ಅವನು ಹೇಳಿದ ಮೇಲೆ ಮುಗೀತು. ಅಪ್ಪ ಮಲಗಿದರು.

ಪಕ್ಕದ ಮನೆಯವರು ಅವರನ್ನು ಆಸ್ಪತ್ರೆಗೆ ಸೇರಿಸುವಾಗ ಗಂಟೆ ಒಂದೂವರೆ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಇವರು ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ?" ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸೋ ಇಂಜೆಕ್ಷನ್ ಇದೆ. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದು ಮೀರಿತ್ತು. ದೊಡ್ಡ ರಕ್ತನಾಳ ಮುಚ್ಚಿಕೊಂಡಿದ್ದರೆ ಸಣ್ಣ ಕೊಳವೆ ತೂರಿಸಿ ಹೆಪ್ಪನ್ನು ಎಳೆದು ತೆಗೆಯೋ ಚಿಕಿತ್ಸೆಯೂ ಇದೆ, ಕೆಲವರಿಗೆ ಅದನ್ನು 24 ಗಂಟೆವರೆಗೂ ಮಾಡ್ತಾರೆ. ಅಪ್ಪನಿಗೆ ಮುಚ್ಚಿದ್ದು ಚಿಕ್ಕ ರಕ್ತನಾಳ. ಆ ದಾರಿಯೂ ಇರಲಿಲ್ಲ. ಬಲಗೈ, ಬಲಗಾಲು, ಅರ್ಧ ಮಾತು ಹೋಯ್ತು.

ಆಮೇಲೆ ನಾನು ಓದಿದ್ದು ಒಂದೆರಡಲ್ಲ. ದೊಡ್ಡ ರಕ್ತನಾಳ ಮುಚ್ಚಿ ಆಗೋ ಸ್ಟ್ರೋಕ್‌ನಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯ್ತವೆ ಅಂತ ಜೆಫ್ರಿ ಸೇವರ್ ಅನ್ನೋ ಅಮೆರಿಕದ ನರವೈದ್ಯರು 2006ರಲ್ಲಿ ಅಂದಾಜು ಮಾಡಿದ್ದಾರೆ. ರಕ್ತನಾಳ ಮುಚ್ಚಿದೆಯೋ ಒಡೆದಿದೆಯೋ ಅನ್ನೋದು ಸ್ಕ್ಯಾನ್ ಆಗೋತನಕ ಯಾರಿಗೂ ಗೊತ್ತಾಗಲ್ಲ. ಹಾಗಾಗಿ ಮನೆಯಲ್ಲಿ ಆಸ್ಪಿರಿನ್ ನುಂಗಿಸಬಾರದು, ಒಡೆದಿದ್ದರೆ ರಕ್ತಸ್ರಾವ ಹೆಚ್ಚುತ್ತೆ. ನಿಂಬೆ ಶರಬತ್ತು, ನೀರು ಏನೂ ಕುಡಿಸಬಾರದು, ನುಂಗೋ ಶಕ್ತಿ ಹೋಗಿದ್ದರೆ ಶ್ವಾಸಕೋಶಕ್ಕೆ ಇಳಿಯುತ್ತೆ. ಲಕ್ವ ಹೊಡೆದವರಿಗೆ ಪಾರಿವಾಳದ ರಕ್ತ ಹಚ್ಚೋದು ನಮ್ಮ ಕಡೆ ಈಗಲೂ ಇದೆ. ಅದನ್ನು ಕೇಳಿ ನಗಬೇಡಿ. "ಸ್ವಲ್ಪ ಹೊತ್ತು ಮಲಗಲಿ" ಅಂದ ನಾನು ಅವರಿಗಿಂತ ಬುದ್ಧಿವಂತನೇನಲ್ಲ.

ಈ ತಪ್ಪಿಗೆ ಪ್ರಾಯಶ್ಚಿತ್ತ ಅನ್ನೋ ಹಾಗೆ ಮೂರು ತಿಂಗಳು ಮೈಸೂರಲ್ಲೇ ಉಳಿದು ಕೆಲಸ ಮಾಡಿದೆ. ನಮ್ಮಂಥವರಿಗೆ ಗೊತ್ತಿರೋದು ಒಂದೇ, ವೇಗ. ಎಕ್ಸೆಲ್ ಶೀಟಿನಲ್ಲಿ ಔಷಧಿ, ಬಿಪಿ, ಊಟ ಎಲ್ಲಾ ಬರೆದಿಟ್ಟೆ. ಹಗಲಿಗೆ ಹೋಮ್ ನರ್ಸ್ ಬಂದರು. ಗುಂಡಿಯ ಬದಲು ವೆಲ್ಕ್ರೋ ಇರೋ ಅಂಗಿ ಬಂತು. ಅಪ್ಪ ಲೋಟಕ್ಕೆ ಕೈ ಚಾಚೋ ಮೊದಲೇ ಲೋಟ ಅವರ ಬಾಯಿ ಹತ್ತಿರ ಇರ್ತಿತ್ತು. ನೋಡಿದವರೆಲ್ಲ "ಶ್ರವಣಕುಮಾರ ಕಣಪ್ಪ ನೀನು" ಅಂದರು. ಕೇಳೋಕೆ ಚೆನ್ನಾಗಿತ್ತು.

ಫಿಜಿಯೋಥೆರಪಿಗೆ ಬರ್ತಿದ್ದ ಹುಡುಗಿ ಮಾತ್ರ ಒಂದು ದಿನ ಸ್ವಲ್ಪ ಗಟ್ಟಿಯಾಗೇ ಹೇಳಿದಳು. "ಸಾರ್, ನಾನು ದಿನಕ್ಕೆ ಮುಕ್ಕಾಲು ಗಂಟೆ ಇವರ ಕೈಗೆ ಕೆಲಸ ಕೊಡ್ತೀನಿ. ಉಳಿದ ಹೊತ್ತೆಲ್ಲಾ ನೀವು ಆ ಕೈಗೆ ರಜ ಕೊಡ್ತೀರಿ."

ಅವಳ ಮಾತಿನ ಹಿಂದೆ ದೊಡ್ಡ ವಿಷಯವೇ ಇದೆ. ಸ್ಟ್ರೋಕ್ ಆದಮೇಲೆ ಒಂದು ಕೈ ಸೋಲುತ್ತೆ, ಸೋತಾಗಲೆಲ್ಲ ಇನ್ನೊಂದು ಕೈ ಕೆಲಸ ಮುಗಿಸುತ್ತೆ. ಹೀಗೇ ಆಗ್ತಾ ಆಗ್ತಾ ಆ ಕೈಯನ್ನು ಬಳಸದೇ ಇರೋದನ್ನೇ ಮೆದುಳು ಕಲಿತುಬಿಡುತ್ತೆ. ಎಡ್ವರ್ಡ್ ಟಾಬ್ ಅನ್ನೋ ಅಮೆರಿಕದ ಮನೋವಿಜ್ಞಾನಿ ಇದಕ್ಕೆ ಹುಡುಕಿದ ಉಪಾಯ ವಿಚಿತ್ರವಾಗಿದೆ. ಚೆನ್ನಾಗಿರೋ ಕೈಗೆ ದಪ್ಪ ಗ್ಲೌಸ್ ಹಾಕಿ ಕಟ್ಟಿಹಾಕೋದು, ಸೋತ ಕೈಯಿಂದಲೇ ಕೆಲಸ ಮಾಡಿಸೋದು. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 222 ರೋಗಿಗಳಿದ್ದರು. ಎರಡು ವಾರ ಹೀಗೆ ಮಾಡಿದವರ ಕೈ ಉಳಿದವರದ್ದಕ್ಕಿಂತ ಚೆನ್ನಾಗಿ ಚೇತರಿಸಿಕೊಂಡಿತು, ಒಂದು ವರ್ಷದ ನಂತರವೂ ಆ ವ್ಯತ್ಯಾಸ ಉಳಿದಿತ್ತು. ಎಲ್ಲರಿಗೂ ಇದು ಆಗೋದಲ್ಲ, ಮಣಿಕಟ್ಟು, ಬೆರಳು ಅಷ್ಟಿಷ್ಟಾದರೂ ಆಡಬೇಕು. ಅಪ್ಪನ ಬೆರಳು ಆಡ್ತಿತ್ತು. ಮನೆಯಲ್ಲಿ ಆ ಇನ್ನೊಂದು ಕೈ ನಾನೇ ಆಗಿದ್ದೆ. ಗ್ಲೌಸ್ ಹಾಕಬೇಕಾಗಿದ್ದು ನನಗೆ.

ಅವತ್ತು ರಾತ್ರಿ ಶ್ರವಣಕುಮಾರನ ಬಗ್ಗೆ ಯೋಚಿಸಿದೆ. ಅಡ್ಡೆ ಹೊತ್ತು ಅಪ್ಪ ಅಮ್ಮನನ್ನು ತೀರ್ಥಯಾತ್ರೆ ಮಾಡಿಸಿದ ಮಗ. ಆದರೆ ಅವನ ಅಪ್ಪ ಅಮ್ಮನಿಗೆ ಇರಲಿಲ್ಲದ್ದು ಕಣ್ಣು. ಕಾಲು ಇತ್ತಲ್ಲ? ವಯಸ್ಸಾಗಿತ್ತು, ನಿಜ. ಆದರೂ ಇವತ್ತು ನಾಲ್ಕು ಹೆಜ್ಜೆ ನಡೀತೀರಾ ಅಂತ ಅವನು ಕೇಳಿದ್ದು ನಾನು ಕೇಳಿದ ಕಥೆಯಲ್ಲಿ ಎಲ್ಲೂ ಇಲ್ಲ. ನಮ್ಮಲ್ಲಿ ಸೇವೆ ಅಂದರೆ ಹೊರೋದು. ಹೊತ್ತವನ ಹೆಸರು ಉಳಿಯುತ್ತೆ. ಅಡ್ಡೆಯಲ್ಲಿ ಕೂತವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಮೊದಲ ನಾಲ್ಕೂವರೆ ಗಂಟೆಯಲ್ಲಿ ಆತುರವೇ ಪ್ರೀತಿ. ಅಲ್ಲಿ ನಿಧಾನ ಮಾಡಿದವನು ನಾನು. ಅದಾದಮೇಲಿನ ತಿಂಗಳುಗಳಲ್ಲಿ ಕಾಯೋದೇ ಪ್ರೀತಿ. ಅಲ್ಲಿ ಆತುರಪಟ್ಟವನೂ ನಾನೇ.

ಮಾತಿನ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದು ಮಾತು ಹೋದವರಿಗೂ ಬಾಯಿಪಾಠವಾಗಿರೋದು ಎಷ್ಟೋ ಸಲ ಉಳಿದಿರುತ್ತೆ. ವಾರಗಳ ಹೆಸರು, ಮಗ್ಗಿ, ದೇವರ ನಾಮ, ಬೈಗುಳ. ಅಪ್ಪನಿಗೆ ಸಲೀಸಾಗಿ ಬರ್ತಿದ್ದದ್ದು "ರೈಟ್". ಊಟ ಆಯ್ತಾ ಅಂದರೂ ರೈಟ್, ನೋವಿದೆಯಾ ಅಂದರೂ ರೈಟ್. ಉಳಿದ ಮಾತೆಲ್ಲ ಮೊದಲ ಅಕ್ಷರಕ್ಕೇ ನಿಲ್ತಿತ್ತು, ಅಲ್ಲಿಂದ ಮುಂದಕ್ಕೆ ನಾನು ಪೂರ್ತಿ ಮಾಡ್ತಿದ್ದೆ.

ಅಪ್ಪ ವಾರಗಟ್ಟಲೆ ಬೆಳಿಗ್ಗೆ ಎದ್ದು "ಚಿ... ಚಿ..." ಅಂತಿದ್ದರು. ನಾನು "ಚಿತ್ರಾನ್ನ" ಅಂದೆ. ಅಮ್ಮ ಮೂರು ಸಲ ಚಿತ್ರಾನ್ನ ಮಾಡಿದರು. ಅಪ್ಪ ತಟ್ಟೆ ದೂರ ತಳ್ಳಿದರು. ಡಿಪ್ರೆಷನ್ ಇರಬೇಕು ಅಂತ ಎಕ್ಸೆಲ್ಲಿನಲ್ಲಿ ಬರೆದೆ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂರನೇ ಒಂದು ಭಾಗ ಜನರಿಗೆ ಅದು ಬರುತ್ತೆ, ಊಹೆ ತಪ್ಪೇನಲ್ಲ. ಆದರೆ ನಾನು ಕೇಳಿರಲಿಲ್ಲ. ಫಿಜಿಯೋ ಹುಡುಗಿ ಬೈದಮೇಲೆ ಒಂದು ಬೆಳಿಗ್ಗೆ ಬಾಯಿ ಮುಚ್ಚಿಕೊಂಡು ಕೂತೆ. ಬಹಳ ಹೊತ್ತಾದಮೇಲೆ ಪೂರ್ತಿ ಬಂತು. "ಚಿಲ್ಲರೆ." ಆಮೇಲೆ ಕೈ ಬೀದಿ ಕಡೆ. "ಸೊಪ್ಪು."

ಸ್ಟ್ರೋಕ್ ಆಗೋ ಹಿಂದಿನ ದಿನ ಸೊಪ್ಪಿನಜ್ಜಿ ಹತ್ತಿರ ದಂಟಿನ ಸೊಪ್ಪು ತಗೊಂಡಿದ್ದರಂತೆ. ಚಿಲ್ಲರೆ ಇರಲಿಲ್ಲ, 15 ರೂಪಾಯಿ ನಾಳೆ ಕೊಡ್ತೀನಿ ಅಂದಿದ್ದರಂತೆ. ನಲವತ್ತು ವರ್ಷ ಟಿಕೆಟ್ ಹಿಂದೆ ಚಿಲ್ಲರೆ ಬಾಕಿ ಬರೆದುಕೊಟ್ಟು, ಸ್ಟಾಪ್ ಬರೋ ಮೊದಲೇ ಕೂಗಿ ಕೊಟ್ಟವರು ಅವರು. ನಾವೆಲ್ಲ ಅವರನ್ನು ಹೇಗೆ ನೋಡಿಕೊಳ್ಳೋದು ಅಂತ ಯೋಚಿಸ್ತಿದ್ದಾಗ ಅವರು ಯಾರಿಗೆ ಕೊಡೋದು ಬಾಕಿ ಇದೆ ಅಂತ ಯೋಚಿಸ್ತಿದ್ದರು. ಆರೈಕೆಯ ಹೆಸರಲ್ಲಿ ನಾವು ಕಿತ್ತುಕೊಂಡಿದ್ದು ಇದನ್ನೇ. ತಗೊಳ್ಳೋದು ಮಾತ್ರ ಉಳಿದ ಮನುಷ್ಯ ಬೇಗ ಸಾಮಾನಾಗಿಬಿಡ್ತಾನೆ. ಕೊಡೋದು ಒಂದಾದರೂ ಬಾಕಿ ಇರೋವರೆಗೂ ಅವನು ಲೆಕ್ಕಕ್ಕೆ ಇರ್ತಾನೆ.

ಅಜ್ಜಿ ಬಂದಾಗ ಅಪ್ಪ ಬಲಗೈಯಲ್ಲೇ ಐದರ ನಾಣ್ಯ ಎತ್ತಿದರು. ಒಂದು ಕೆಳಗೆ ಬಿತ್ತು. ಮತ್ತೆ ಎತ್ತಿದರು. "ಬಿಡಿ ಸ್ವಾಮಿ" ಅಂತ ಅಜ್ಜಿ ಅನ್ನಲಿಲ್ಲ. ಅಂಗೈ ಚಾಚಿಕೊಂಡು ಮೂರು ನಾಣ್ಯ ಬೀಳೋವರೆಗೂ ನಿಂತಿದ್ದಳು.

ಹಾಗಂತ ಕಾಯೋದು ಪುಕ್ಕಟೆ ಅಲ್ಲ. ನಾನು ಬೆಂಗಳೂರಿಗೆ ವಾಪಸ್ ಬಂದೆ, ಆ 11 ನಿಮಿಷಗಳನ್ನು ಈಗ ಅಮ್ಮ ಕೊಡ್ತಿದ್ದಾರೆ. ಅವರಿಗೂ ಅರವತ್ತೈದು, ಸೊಂಟನೋವು. ಬೇಗ ಗುಂಡಿ ಹಾಕಿ ಮುಗಿಸಿದ ದಿನ ಅವರಿಗೆ ತಾಳ್ಮೆ ಇಲ್ಲ ಅನ್ನೋಕೆ ನನಗೆ ಬಾಯಿಲ್ಲ. ಅವರಿಗೆ ಸುಸ್ತಾಗಿದೆ, ಅಷ್ಟೇ. ಅದಕ್ಕೇ ಶನಿವಾರ, ಭಾನುವಾರ ಈಗ ನನ್ನ ಪಾಳಿ. ಎಷ್ಟೇ ಕಾದರೂ ಮರಳದ ಕೈಗಳೂ ಇರ್ತವೆ. ಅಂಥವರಿಗೆ "ನೀವೇ ಮಾಡಿ" ಅಂತ ಹಟ ಹಿಡಿಯೋದು ಹಿಂಸೆ. ಎಲ್ಲಿ ಕಾಯಬೇಕು, ಎಲ್ಲಿ ಕೈಹಾಕಬೇಕು ಅನ್ನೋದಕ್ಕೆ ನನ್ನ ಹತ್ತಿರ ಸೂತ್ರ ಇಲ್ಲ. ಕೇಳಬೇಕು, ಕೇಳಿದಮೇಲೆ ಉತ್ತರ ಬರೋತನಕ ಇರಬೇಕು. ಅಷ್ಟು ಮಾತ್ರ ಗೊತ್ತು.

ಹೋದ ತಿಂಗಳು ಅಪ್ಪನಿಗೆ ಆ ಮಂಗಳವಾರದ ವಿಷಯ ಹೇಳಿದೆ. ಮಲಗಲಿ ಅಂದದ್ದು ನಾನೇ, ಆ ಆರು ಗಂಟೆ ಹಾಳಾಗಿದ್ದು ನನ್ನಿಂದ ಅಂತ. ಅಪ್ಪ "ನಿಂಗೆ..." ಅಂದು ನಿಂತರು. ಆ ಮಾತಿನ ಉಳಿದ ಭಾಗ ನನ್ನ ನಾಲಿಗೆ ತುದಿಯಲ್ಲೇ ಇತ್ತು. ನಿಂಗೆ ಪುರುಸೊತ್ತಿರ್ಲಿಲ್ಲ. ನಾನು ಹೇಳಲಿಲ್ಲ, ಕಾದೆ.

"ನಿಂಗೆ... ಗೊತ್ತಿರ್ಲಿಲ್ಲ" ಅಂದರು.

ನಿಮಗೆ ಈಗ ಗೊತ್ತು. ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಮಲಗಿಸಬೇಡಿ. ಗಂಟೆ ನೋಡಿಕೊಂಡು 108ಕ್ಕೆ ಫೋನ್ ಮಾಡಿ.