ಬೀಗದ ಕೈ ಯಾರಿಗೆ ಕೊಡಬೇಕು?

ಮನೆಯ ಕಂಪ್ಯೂಟರಿಗೆ ಯಾವ ಆಂಟಿವೈರಸ್ ಒಳ್ಳೆಯದು, ವಿಂಡೋಸನ್ನೇ ಇಟ್ಟುಕೊಳ್ಳುವುದೋ ಅಥವಾ ಲಿನಕ್ಸಿಗೆ ಬದಲಾಯಿಸುವುದೋ ಎಂಬ ಪ್ರಶ್ನೆ ಈಚೆಗೆ ನಮ್ಮ ಮನೆಗಳಲ್ಲಿ ಮತ್ತೆ ಎದ್ದಿದೆ. ಅದಕ್ಕೆ ಕಾರಣವೂ ಇದೆ. ವರ್ಷಗಟ್ಟಲೆ ನಮ್ಮ ಕೆಲಸ ನಡೆಸಿಕೊಟ್ಟ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ 2025ರ ಅಕ್ಟೋಬರ್ 14ರಂದು ಮಾಮೂಲು ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಎಂಬ ಭದ್ರತೆಯ ಏರ್ಪಾಡು ಇಲ್ಲದ ಹಳೆಯ ಯಂತ್ರಗಳಿಗೆ ಅದರ ನಿಯಮಗಳ ಪ್ರಕಾರ ಪ್ರವೇಶವಿಲ್ಲ. ಚೆನ್ನಾಗಿಯೇ ನಡೆಯುತ್ತಿರುವ ಯಂತ್ರವನ್ನು ಗುಜರಿಗೆ ಹಾಕುವುದೇ, ಹಾಗೆಯೇ ಮುಂದುವರಿಸುವುದೇ, ದುಡ್ಡು ಕೊಟ್ಟು ಇನ್ನೊಂದು ಕಾವಲನ್ನು ಇಡುವುದೇ? ಮೇಲ್ನೋಟಕ್ಕೆ ಇದು ಅಂಗಡಿಯವನನ್ನು ಕೇಳಿ ತೀರ್ಮಾನಿಸುವ ವಿಷಯ. ಸ್ವಲ್ಪ ಆಳಕ್ಕಿಳಿದು ನೋಡಿದರೆ ಮನುಷ್ಯ ಕುಲದಷ್ಟೇ ಹಳೆಯ ಪ್ರಶ್ನೆಯೊಂದು ಅಲ್ಲಿ ಕುಳಿತಿದೆ: ಯಾರನ್ನು ನಂಬಬೇಕು, ಎಷ್ಟರ ಮಟ್ಟಿಗೆ ನಂಬಬೇಕು, ಆ ನಂಬಿಕೆಗೆ ಆಧಾರವೇನು?

ಹೊರನಾಡಿನಲ್ಲಿ ಸಂಸಾರ ಹೂಡಿದ ನಮಗೆ ಈ ಪ್ರಶ್ನೆ ಹೊಸದಲ್ಲ. ಬೇಸಿಗೆಯ ರಜೆಗೆ ಊರಿಗೆ ಹೊರಟಾಗ ತುಳಸಿಗೆ ನೀರು ಹಾಕಲೆಂದು ಪಕ್ಕದ ಮನೆಯವರಿಗೆ ಬಾಗಿಲ ಬೀಗದ ಕೈ ಕೊಟ್ಟು ಹೋಗುತ್ತೇವೆ. ಅವರ ಭಾಷೆ ಬೇರೆ, ಊರು ಬೇರೆ, ಆದರೂ ಕೊಡುತ್ತೇವೆ. ಆದರೆ ಬೀರುವಿನ ಬೀಗದ ಕೈ ನಮ್ಮ ಜೊತೆಯಲ್ಲೇ ಊರಿಗೆ ಬರುತ್ತದೆ. ಇದರಲ್ಲಿ ಪಕ್ಕದವರಿಗೆ ಅವಮಾನವೇನೂ ಇಲ್ಲ. ತುಳಸಿಗೆ ನೀರೆರೆಯಲು ಬೀರು ತೆರೆಯಬೇಕಾಗಿಲ್ಲ, ಅಷ್ಟೇ. ಅಲ್ಲದೆ, ನಾಳೆ ಬೀರುವಿನೊಳಗಿನ ವಸ್ತು ಏನಾದರೂ ಕಾಣೆಯಾದರೆ ಅನುಮಾನದ ನೆರಳು ಅವರ ಮೇಲೆ ಬೀಳದಂತೆ ಈ ಏರ್ಪಾಡು ಅವರನ್ನೂ ಕಾಯುತ್ತದೆ. ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ ಎಂಬ ತತ್ತ್ವವನ್ನು ನಮ್ಮ ಗೃಹಿಣಿಯರು ಯಾವ ಪುಸ್ತಕವನ್ನೂ ಓದದೆ ಪಾಲಿಸಿಕೊಂಡು ಬಂದಿದ್ದಾರೆ.

ಕಂಪ್ಯೂಟರಿನಲ್ಲಿ ತೊಡಕು ಬರುವುದು ಇಲ್ಲಿಯೇ. ಆಪರೇಟಿಂಗ್ ಸಿಸ್ಟಂ ಎಂದರೆ ಯಂತ್ರದ ಯಜಮಾನಿಕೆ ನಡೆಸುವ ಮೂಲ ತಂತ್ರಾಂಶ. ನೆನಪಿನ ಕೋಶ, ಡಿಸ್ಕು, ಕೀಲಿಮಣೆ, ಜಾಲದ ಸಂಪರ್ಕ ಎಲ್ಲವೂ ಅದರ ಕೈಯಲ್ಲಿವೆ. ಆಂಟಿವೈರಸ್ಸಾದರೋ ಪ್ರತಿಯೊಂದು ಕಡತ ತೆರೆಯುವಾಗಲೂ ಅದನ್ನು ತಡೆದು ಪರೀಕ್ಷಿಸಬೇಕು. ಆದಕಾರಣ ಇತರ ತಂತ್ರಾಂಶಗಳಿಗೆ ಇಲ್ಲದ ಅಧಿಕಾರವನ್ನು ಅದಕ್ಕೆ ಕೊಡಬೇಕಾಗುತ್ತದೆ. ಅಂದರೆ, ಕಳ್ಳನನ್ನು ಹಿಡಿಯಲು ಬಂದ ಕಾವಲುಗಾರನಿಗೆ ಬಾಗಿಲಿನದಷ್ಟೇ ಅಲ್ಲ, ಬೀರುವಿನ ಬೀಗದ ಕೈಯನ್ನೂ ಒಪ್ಪಿಸಿದಂತಾಯಿತು. ಅವನು ಸಜ್ಜನನಾಗಿದ್ದರೆ ಸರಿ. ಇಲ್ಲವಾದರೆ, ಅಥವಾ ಸಜ್ಜನನಾಗಿದ್ದೂ ಅಜಾಗರೂಕನಾಗಿದ್ದರೆ?

ಬೇಲಿಯೇ ಎದ್ದು ಹೊಲ ಮೇಯುವ ಮಾತನ್ನು ನಮ್ಮ ಹಿರಿಯರು ಸುಮ್ಮನೆ ಆಡಲಿಲ್ಲ. ಐಬಿಎಂ ಪಿಸಿಗಳನ್ನು ಕಾಡಿದ ಮೊದಲ ವೈರಸ್ ಎಂದು ಹೆಸರಾದ 'ಬ್ರೇನ್' 1986ರಲ್ಲಿ ಹೊರಟದ್ದು ಲಾಹೋರಿನಿಂದ. ಅದನ್ನು ಬರೆದ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಸೋದರರು, ತಮ್ಮ ತಂತ್ರಾಂಶವನ್ನು ಜನ ಕದ್ದು ನಕಲು ಮಾಡುವುದನ್ನು ತಡೆಯಲು ಹಾಗೆ ಮಾಡಿದೆವೆಂದು ಹೇಳಿದ್ದಾರೆ. ತಮ್ಮ ಹೆಸರು, ವಿಳಾಸಗಳನ್ನೂ ಅದರೊಳಗೆ ಬರೆದಿಟ್ಟಿದ್ದರು. ಕಾವಲಿಗೆಂದು ಹುಟ್ಟಿದ್ದು ಕಾಟವಾಗಿ ದೇಶ ದೇಶ ಸುತ್ತಿತು. ಈಚಿನ ಸಂಗತಿಗೆ ಬಂದರೆ, ಹೆಸರುವಾಸಿಯಾದ ಅವಾಸ್ಟ್ ಸಂಸ್ಥೆ ತನ್ನ ಬಳಕೆದಾರರು ಅಂತರ್ಜಾಲದಲ್ಲಿ ಏನೇನು ನೋಡಿದರೆಂಬ ವಿವರವನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2024ರಲ್ಲಿ ಆ ಸಂಸ್ಥೆ 1 ಕೋಟಿ 65 ಲಕ್ಷ ಡಾಲರು ತೆರಲು ಒಪ್ಪಿ ಪ್ರಕರಣವನ್ನು ಇತ್ಯರ್ಥ ಮಾಡಿಕೊಂಡಿತು. ಅದೇ ವರ್ಷ ರಷ್ಯಾ ಮೂಲದ ಕ್ಯಾಸ್ಪರ್‌ಸ್ಕಿಯ ಮಾರಾಟವನ್ನು ಅಮೆರಿಕ ಸರ್ಕಾರ ನಿಷೇಧಿಸಿದಾಗ, ಅಲ್ಲಿನ ಎಷ್ಟೋ ಮನೆಗಳ ಕಂಪ್ಯೂಟರುಗಳಲ್ಲಿ ಅದು ಮಾಯವಾಗಿ ಅದರ ಜಾಗದಲ್ಲಿ 'ಅಲ್ಟ್ರಾಎವಿ' ಎಂಬ ಬೇರೊಂದು ಕಾವಲು ತಾನಾಗಿಯೇ ಬಂದು ಕುಳಿತಿತ್ತು. ಮನೆಯ ಯಜಮಾನನನ್ನು ಒಂದು ಮಾತು ಕೇಳದೆ ಹಳೆಯ ಕಾವಲುಗಾರ ಹೊಸಬನಿಗೆ ಬೀಗದ ಕೈ ಕೊಟ್ಟು ಹೋದಂತಾಯಿತೆಂದು ಜನ ದೂರಿದರು.

ಇವುಗಳಲ್ಲಿ ದುರಾಸೆಯೋ ರಾಜಕೀಯವೋ ಇದ್ದವೆನ್ನೋಣ. ಆದರೆ 2024ರ ಜುಲೈ 19ರಂದು ನಡೆದದ್ದರಲ್ಲಿ ಕಳ್ಳನೂ ಇರಲಿಲ್ಲ, ದುರುದ್ದೇಶವೂ ಇರಲಿಲ್ಲ. ದೊಡ್ಡ ದೊಡ್ಡ ಸಂಸ್ಥೆಗಳಿಗೆ ಭದ್ರತೆ ಒದಗಿಸುವ ಕ್ರೌಡ್‌ಸ್ಟ್ರೈಕ್ ಕಂಪೆನಿ ಕಳುಹಿಸಿದ ಒಂದು ದೋಷಪೂರಿತ ಪರಿಷ್ಕರಣೆಯಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಒಮ್ಮೆಗೇ ಕುಸಿದವು. ನಮ್ಮ ದೇಶದ ಕೆಲವು ವಿಮಾನ ನಿಲ್ದಾಣಗಳಲ್ಲಿ ಅಂದು ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಡಬೇಕಾಯಿತು. ಎಲ್ಲ ಕೋಣೆಗಳ ಬೀಗದ ಕೈ ಇರುವವನ ಒಂದು ಎಡವಟ್ಟು ಎಲ್ಲ ಕೋಣೆಗಳನ್ನೂ ಮುಚ್ಚಿಸಿಬಿಡಬಹುದು.

ಹಾಗಾದರೆ ಯಾರನ್ನೂ ನಂಬದೆ ಇರುವುದೇ ಜಾಣತನವೇ? ಈ ದಾರಿಯಲ್ಲಿ ಎಷ್ಟು ದೂರ ಹೋಗಬಹುದೆಂಬುದನ್ನು ಯೂನಿಕ್ಸ್ ರೂಪಿಸಿದವರಲ್ಲೊಬ್ಬರಾದ ಕೆನ್ ಥಾಂಪ್ಸನ್ ತಮ್ಮ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ತೋರಿಸಿಕೊಟ್ಟರು. 1984ರಲ್ಲಿ ಪ್ರಕಟವಾದ ಆ ಉಪನ್ಯಾಸದ ಸಾರಾಂಶ ಇಷ್ಟು: ಒಂದು ತಂತ್ರಾಂಶದ ಬರಹವನ್ನು ಸಾಲು ಸಾಲಾಗಿ ಓದಿ ನಿರ್ದೋಷಿ ಎಂದುಕೊಂಡರೂ, ಆ ಬರಹವನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರಿನಲ್ಲೇ ಮೋಸ ಅಡಗಿರಬಹುದು, ಆ ಮೋಸವು ತನ್ನ ಗುರುತನ್ನು ಎಲ್ಲಿಯೂ ಬಿಡದೆ ಮುಂದಿನ ಕಂಪೈಲರುಗಳಿಗೂ ದಾಟಬಹುದು. ಪೂರ್ತಿಯಾಗಿ ನೀವೇ ಸೃಷ್ಟಿಸದ ಯಾವುದನ್ನೂ ಪೂರ್ತಿಯಾಗಿ ನಂಬುವಂತಿಲ್ಲ. ಆದರೆ ಪೂರ್ತಿಯಾಗಿ ತಾವೇ ಸೃಷ್ಟಿಸಿಕೊಳ್ಳುವವರು ಯಾರಿದ್ದಾರೆ? ಬಿ.ಎಸ್ಸಿ. ಓದಿದ ನನ್ನಂಥವನು ಕೋಟ್ಯಂತರ ಸಾಲುಗಳ ವಿಂಡೋಸನ್ನಾಗಲಿ ಲಿನಕ್ಸನ್ನಾಗಲಿ ಪರೀಕ್ಷಿಸುವುದು ಒತ್ತಟ್ಟಿಗಿರಲಿ, ಬೆಳಿಗ್ಗೆ ಕುಡಿಯುವ ಹಾಲನ್ನೇ ಪರೀಕ್ಷಿಸಲಾರ. ಔಷಧ, ಅಕ್ಕಿ, ಬಸ್ಸಿನ ಬ್ರೇಕು ಎಲ್ಲವೂ ಪರರ ಕೈಯಿಂದಲೇ ಬರುತ್ತವೆ. ಸಂಪೂರ್ಣ ಅಪನಂಬಿಕೆ ಕೇಳುವುದಕ್ಕೆ ಬುದ್ಧಿವಂತಿಕೆಯಂತೆ ಇದ್ದರೂ ಅದರಿಂದ ಒಂದು ದಿನವೂ ಸಂಸಾರ ನಡೆಯದು.

ಕುರುಡು ನಂಬಿಕೆಗೂ ಕುರುಡು ಸಂಶಯಕ್ಕೂ ನಡುವೆ ಮೂರನೆಯ ದಾರಿಯೊಂದಿದೆ. ಸರ್ಕಾರಿ ಕಚೇರಿಗಳಲ್ಲಿ ದುಡಿಯುವವರಿಗೆ ಅದು ಚೆನ್ನಾಗಿ ಗೊತ್ತು. ನಗದು ಪೆಟ್ಟಿಗೆಗೆ ಎರಡು ಬೀಗ. ಒಂದರ ಕೈ ಕ್ಯಾಷಿಯರನ ಬಳಿ, ಇನ್ನೊಂದು ಅಧಿಕಾರಿಯ ಬಳಿ. ಒಬ್ಬರು ಬಿಲ್ಲು ಬರೆದರೆ ಇನ್ನೊಬ್ಬರು ತಾಳೆ ನೋಡುತ್ತಾರೆ. ವರ್ಷದ ಕೊನೆಗೆ ಹೊರಗಿನಿಂದ ಆಡಿಟ್‌ನವರು ಬರುತ್ತಾರೆ. ಇದನ್ನು ನೋಡಿದ ಹೊರಗಿನವರು, ಇವರಿಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆಯೇ ಇಲ್ಲವೆಂದು ನಗಬಹುದು. ಆದರೆ ಪ್ರಾಮಾಣಿಕನಾದ ಕ್ಯಾಷಿಯರನನ್ನು ಕೇಳಿ ನೋಡಿ: ಎರಡನೆಯ ಬೀಗವೇ ತನ್ನ ಮಾನ ಕಾಯುವ ಬೀಗವೆಂದು ಹೇಳುತ್ತಾನೆ. ನಂಬಿಕೆ ಎಂಬುದು ಮನಸ್ಸಿನ ಭಾವನೆಯೊಂದರಿಂದಲೇ ನಿಲ್ಲುವುದಿಲ್ಲ. ಲೆಕ್ಕ ಕೇಳುವ ಹಕ್ಕು, ಲೆಕ್ಕ ಕೊಡುವ ಹೊಣೆ, ತಪ್ಪಿದರೆ ಸರಿಪಡಿಸುವ ದಾರಿ, ಈ ಮೂರೂ ಇದ್ದಲ್ಲಿ ಅದು ಬಾಳುತ್ತದೆ.

ಈ ದೃಷ್ಟಿಯಿಂದ ನೋಡಿದಾಗ ತನ್ನ ಬರಹವನ್ನು ಎಲ್ಲರೆದುರು ತೆರೆದಿಡುವ ಲಿನಕ್ಸಿನಂಥ ವ್ಯವಸ್ಥೆಗೆ ಒಂದು ನೈತಿಕ ಬಲವಿದೆ. ಒಂದು ಗುಪ್ತಲಿಪಿಯ ರಹಸ್ಯ ಅದರ ಕೀಲಿಯಲ್ಲಿರಬೇಕೇ ಹೊರತು ಅದರ ವಿಧಾನವನ್ನು ಬಚ್ಚಿಡುವುದರಲ್ಲಿ ಇರಬಾರದೆಂದು ಆಗಸ್ಟ್ ಕೆರ್ಕ್‌ಹಾಫ್ಸ್ ಎಂಬ ಭಾಷಾ ವಿದ್ವಾಂಸ 1883ರಷ್ಟು ಹಿಂದೆಯೇ ಹೇಳಿದ್ದ. ಒಳ್ಳೆಯ ಬೀಗ ಮಾಡುವ ರೀತಿ ಊರಿಗೆಲ್ಲ ಗೊತ್ತಿದ್ದರೂ ಅದು ಒಳ್ಳೆಯ ಬೀಗವೇ. ಆದರೆ ತೆರೆದಿಟ್ಟ ಮಾತ್ರಕ್ಕೆ ಎಲ್ಲ ಮುಗಿಯಿತೆನ್ನುವುದೂ ಸರಿಯಲ್ಲ. ಲಿನಕ್ಸಿನಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ 'ಎಕ್ಸ್‌ಝೆಡ್' ಎಂಬ ಸಣ್ಣ ತಂತ್ರಾಂಶವನ್ನು ಸ್ವಯಂಸೇವಕರೊಬ್ಬರು ಹೆಚ್ಚುಕಡಿಮೆ ಒಬ್ಬಂಟಿಯಾಗಿ ನೋಡಿಕೊಳ್ಳುತ್ತಿದ್ದರು. 'ಜಿಯಾ ಟಾನ್' ಎಂಬ ಹೆಸರಿನ ಯಾರೋ ಎರಡು ವರ್ಷಕ್ಕೂ ಮೇಲ್ಪಟ್ಟು ಸಹಾಯ ಮಾಡುತ್ತಾ, ವಿಶ್ವಾಸ ಗಳಿಸಿ, ಕಡೆಗೆ ಅದರಲ್ಲಿ ಒಂದು ಕಳ್ಳಬಾಗಿಲು ಕೊರೆದರು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಲಾಗಿನ್ ಆಗುವುದಕ್ಕೆ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಹುಡುಕಹೊರಟು 2024ರ ಮಾರ್ಚ್ 29ರಂದು ಅದನ್ನು ಬಯಲಿಗೆಳೆದರು. ಲೆಕ್ಕದ ಪುಸ್ತಕ ತೆರೆದಿದ್ದರಿಂದಲೇ ಅವರಿಗೆ ನೋಡಲು ಸಾಧ್ಯವಾಯಿತು ಎಂಬುದು ನಿಜ. ನೋಡುವ ಕಣ್ಣೊಂದು ಇದ್ದುದರಿಂದಲೇ ಅನಾಹುತ ತಪ್ಪಿತು ಎಂಬುದೂ ಅಷ್ಟೇ ನಿಜ. ಸೌಜನ್ಯಕ್ಕೆ ಮರುಳಾಗಿ ಬೀಗದ ಕೈ ಕೊಡುವ ಅಪಾಯ ಅಲ್ಲಿಯೂ ಉಂಟು.

ಇಲ್ಲಿಯವರೆಗೆ ನಮ್ಮನ್ನು ಕಾಯುವವರ ಮಾತಾಯಿತು. ನಮ್ಮ ಕರ್ತವ್ಯದ ಮಾತೇನು? "ನನ್ನ ಕಂಪ್ಯೂಟರಿನಲ್ಲಿ ಏನಿದೆ ಮಹಾ? ನಾಲ್ಕು ಫೋಟೋ, ಹುಡುಗರ ಪಾಠ; ಹೋದರೆ ಹೋಗಲಿ" ಎನ್ನುವವರಿದ್ದಾರೆ. ಕೂಲರಿನಲ್ಲೋ ಹೂಕುಂಡದ ತಟ್ಟೆಯಲ್ಲೋ ನಿಂತ ನೀರಿನಲ್ಲಿ ಹುಟ್ಟಿದ ಸೊಳ್ಳೆ ನಮ್ಮನ್ನೇ ಕಚ್ಚಬೇಕೆಂದಿಲ್ಲ. ಮೂರನೆಯ ಮಹಡಿಯ ಮಗುವಿಗೂ ಅದರಿಂದ ಡೆಂಗ್ಯೂ ಬರಬಹುದು. ಸೋಂಕು ತಗುಲಿದ ಕಂಪ್ಯೂಟರು ನಮಗೆ ಅರಿವಿಲ್ಲದೆಯೇ ಪರರಿಗೆ ವಂಚನೆಯ ಪತ್ರಗಳನ್ನು ಕಳುಹಿಸುವ, ಪರರ ಯಂತ್ರಗಳ ಮೇಲೆ ದಾಳಿ ಮಾಡುವ ಸಾಧನವಾಗುತ್ತದೆ. 2017ರ ಮೇ 12ರಂದು ಹಬ್ಬಿದ 'ವಾನಾಕ್ರೈ'ಯನ್ನು ತಡೆಯಬಲ್ಲ ಪರಿಷ್ಕರಣೆ ಅದಕ್ಕೆ ಎರಡು ತಿಂಗಳ ಮೊದಲೇ, ಮಾರ್ಚಿನಲ್ಲಿಯೇ ಸಿದ್ಧವಿತ್ತು. ಹಾಕಿಕೊಳ್ಳದವರ ಯಂತ್ರಗಳಿಂದ ಯಂತ್ರಗಳಿಗೆ ಅದು ಹಾರಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ರೋಗಿಗಳ ಚಿಕಿತ್ಸೆ ಮುಂದಕ್ಕೆ ಹೋಯಿತು. ಈ ಬಿರುಕನ್ನು ಬಳಸುವ ಉಪಾಯ ಅಮೆರಿಕದ ಎನ್‌ಎಸ್‌ಎ ಬೇಹುಗಾರಿಕೆ ಸಂಸ್ಥೆಯಿಂದ ಕಳವಾದದ್ದೆಂದು ಮೈಕ್ರೋಸಾಫ್ಟ್ ಬಹಿರಂಗವಾಗಿಯೇ ದೂರಿತು. ಸರ್ಕಾರಗಳ ತಪ್ಪು ಸರ್ಕಾರಗಳಿಗಿರಲಿ. ಆದರೆ ಹಾಕಿಕೊಳ್ಳದೆ ಬಿಟ್ಟ ಪರಿಷ್ಕರಣೆ ನಮ್ಮ ಮನೆಯ ನಿಂತ ನೀರು ಎಂಬುದನ್ನು ಮರೆಯುವಂತಿಲ್ಲ.

ಇದೇ ಕಾರಣಕ್ಕೆ ಕದ್ದ ವಿಂಡೋಸಿನ ವಿಷಯವನ್ನೂ ಹೇಳಬೇಕು. ಕಂಪ್ಯೂಟರು ಜೋಡಿಸಿಕೊಡುವವನು "ಎಲ್ಲರೂ ಇದನ್ನೇ ಹಾಕಿಸುತ್ತಾರೆ ಸಾರ್" ಎಂದು ಪುಕ್ಕಟೆಯಾಗಿ ಹಾಕಿಕೊಡುತ್ತಾನೆ. ಅದರ ಬೀಗ ಮುರಿದವನು ಯಾರು, ಮುರಿಯುವಾಗ ಒಳಗೆ ಏನನ್ನು ಬಿಟ್ಟು ಬಂದ ಎಂದು ನಾವು ಕೇಳುವುದಿಲ್ಲ. ಮಕ್ಕಳಿಗೆ ಪ್ರಾಮಾಣಿಕತೆಯ ಪಾಠ ಹೇಳಿ, ಅದೇ ಪಾಠದ ಟಿಪ್ಪಣಿಯನ್ನು ಕದ್ದ ಯಂತ್ರದಲ್ಲಿ ಬೆರಳಚ್ಚು ಮಾಡಿಸುತ್ತೇವೆ. ಒಂದು ಕಾಲದಲ್ಲಿ ಬಡತನದ ನೆಪವಾದರೂ ಇತ್ತು. ಉಬುಂಟು, ಲಿನಕ್ಸ್ ಮಿಂಟ್ ಮುಂತಾದವು ನ್ಯಾಯವಾಗಿಯೇ ಉಚಿತವಾಗಿ ಸಿಗುವಾಗ, ಕನ್ನಡ ಬರೆಯುವ ಕೀಲಿಮಣೆಯೂ ಅವುಗಳಲ್ಲಿ ಇರುವಾಗ, ಆ ನೆಪವೂ ಉಳಿದಿಲ್ಲ.

ಇನ್ನೊಂದು ಮಾತು. ಮನೆಯಲ್ಲಿ ಕಂಪ್ಯೂಟರು ಬಲ್ಲವನು ಒಬ್ಬನಿರುತ್ತಾನೆ. ಅವನು ಆಯ್ದದ್ದು ವೃದ್ಧ ತಂದೆಯ ಪಿಂಚಣಿ ಖಾತೆಗೂ ಹೆಂಡತಿಯ ಪತ್ರಗಳಿಗೂ ಮಕ್ಕಳ ಗುಟ್ಟುಗಳಿಗೂ ಕಾವಲಾಗುತ್ತದೆ. ಅವನೂ ಒಬ್ಬ ಕಾವಲುಗಾರನೇ. ಅವನ ಕೈಯಲ್ಲೂ ಬೀರುವಿನ ಬೀಗದ ಕೈ ಇದೆ. ಮಕ್ಕಳ ಮೇಲೆ ಕಣ್ಣಿಡುವ ತಂತ್ರಾಂಶ ಹಾಕುವುದು ಕೆಲವೊಮ್ಮೆ ಅಗತ್ಯವಿರಬಹುದು. ಆದರೆ ಹಾಕಿದ್ದೇನೆಂದು ಅವರಿಗೆ ಹೇಳಿ ಹಾಕುವುದು ಧರ್ಮ. ಪರಕಂಪೆನಿಯಿಂದ ನಾವು ಬಯಸುವ ನ್ಯಾಯವನ್ನು ಮನೆಯವರಿಗೆ ಕೊಡದಿದ್ದರೆ ಹೇಗೆ?

ಇಷ್ಟೆಲ್ಲ ಹೇಳಿದ ಮೇಲೆ ಆಯ್ಕೆಯ ಪ್ರಶ್ನೆ ಅಷ್ಟೇನೂ ಕಠಿಣವಾಗಿ ಕಾಣುವುದಿಲ್ಲ. ಬ್ಯಾಂಕು, ಪತ್ರ, ಪಾಠಗಳಿಗಷ್ಟೇ ಬಳಸುವ ಹಳೆಯ ಯಂತ್ರಕ್ಕೆ ಲಿನಕ್ಸ್ ಸಾಕು. ವಿಂಡೋಸ್ ಬೇಕೇ ಬೇಕಾದವರು ನ್ಯಾಯವಾದ, ಬೆಂಬಲವಿರುವ ವಿಂಡೋಸನ್ನು ಇಟ್ಟುಕೊಂಡರೆ, ಅದರೊಳಗೇ ಬರುವ ಡಿಫೆಂಡರ್ ಸಾಮಾನ್ಯ ಸಂಸಾರಕ್ಕೆ ಸಾಕಾಗುತ್ತದೆ. ಯಂತ್ರದ ಯಜಮಾನಿಕೆಯನ್ನು ಹೇಗೂ ಒಪ್ಪಿಸಿರುವವನ ಕೈಗೇ ಕಾವಲನ್ನೂ ಕೊಟ್ಟರೆ ಬೀಗದ ಕೈ ಹೊಸಬರ ಪಾಲಾಗುವುದಿಲ್ಲ. ದಿನನಿತ್ಯದ ಕೆಲಸಕ್ಕೆ ಅಡ್ಮಿನಿಸ್ಟ್ರೇಟರ್ ಅಧಿಕಾರವಿಲ್ಲದ ಬೇರೆ ಖಾತೆ ಬಳಸುವುದು, ಪರಿಷ್ಕರಣೆಗಳನ್ನು ತಪ್ಪದೆ ಹಾಕುವುದು, ಮುಖ್ಯವಾದ ಕಡತಗಳ ಪ್ರತಿಯೊಂದನ್ನು ಯಂತ್ರದಿಂದ ಬೇರ್ಪಡಿಸಿದ ಡಿಸ್ಕಿನಲ್ಲಿಡುವುದು, ಇವಿಷ್ಟೂ ದುಡ್ಡಿಗಿಂತ ಶಿಸ್ತನ್ನು ಕೇಳುವ ಕೆಲಸಗಳು. ಪರದೆಯ ಮೇಲೆ ಕೆಂಪಕ್ಷರದಲ್ಲಿ ಹೆದರಿಸಿ ಹಣ ಕೇಳುವವನನ್ನಂತೂ ಕಾವಲಿಗೆ ಇಟ್ಟುಕೊಳ್ಳಲೇಬಾರದು. ಭಯವನ್ನು ಮಾರುವವನಿಗೆ ನಮ್ಮ ನೆಮ್ಮದಿ ಲಾಭದ ಬಾಬಲ್ಲ.

ಒಳಗಿನಿಂದ ನಾವೇ ಅಗುಳಿ ತೆಗೆದರೆ ಯಾವ ಬೀಗವೂ ಕಾಯಲಾರದು. 'ಡಿಜಿಟಲ್ ಅರೆಸ್ಟ್' ಎಂದು ಫೋನಿನಲ್ಲಿ ಬೆದರಿಸುವವರಿಗೆ ಹೆದರಿ ತಮ್ಮ ಕೈಯಾರೆ ಹಣ ಕಳುಹಿಸಿದವರ ಕಂಪ್ಯೂಟರುಗಳಲ್ಲಿ ಆಂಟಿವೈರಸ್ ಇರಲಿಲ್ಲವೆಂದಲ್ಲ. ಅಂಥ ಕರೆ ಬಂದ ಗಳಿಗೆಯಲ್ಲಿ ಪಕ್ಕದ ಮನೆಯ ಬಾಗಿಲು ತಟ್ಟಿ "ಸ್ವಲ್ಪ ಬನ್ನಿ, ಇದೇನೆಂದು ನೋಡಿ" ಎಂದು ಕೇಳುವಷ್ಟು ಬಳಕೆ ಇದ್ದರೆ, ಅದಕ್ಕಿಂತ ದೊಡ್ಡ ಕಾವಲು ಇನ್ನಾವುದು? ಲೆಕ್ಕ ಕೇಳಿ, ಅಳತೆಯರಿತು, ಕಣ್ಣು ತೆರೆದು ನಂಬುವುದನ್ನು ಕಲಿಯಬೇಕಾಗಿದೆ. ಭಾಷೆ ಬೇರೆಯಾದ ಊರಿಗೆ ಬಂದು, ಅಪರಿಚಿತರ ನಡುವೆ ಬೀಗದ ಕೈ ಕೊಡುವಂಥ ನೆರೆಯನ್ನು ಸಂಪಾದಿಸಿಕೊಂಡ ನಮಗೆ ಈ ವಿದ್ಯೆ ಅಸಾಧ್ಯವಾದುದೇನಲ್ಲ.