ಪದವಿಯನ್ನು ಲಾವಣಿಗೆ ಕೊಡಬಹುದೇ?

ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ಕೊಳ್ಳಬಂದವನು ಒಂದು ಹಿಡಿಯನ್ನು ಕೈಗೆತ್ತಿಕೊಂಡು, ಬಣ್ಣವನ್ನೂ ನೆರಿಗೆಯನ್ನೂ ನೋಡಿ ಬೆಲೆ ಹೇಳುತ್ತಾನೆ. ರಾಣೇಬೆನ್ನೂರಿನಲ್ಲಿ ಬೀಜ ಕೊಂಡ ರೈತನಿಗೆ ಕಣ್ಣಿನ ಪರೀಕ್ಷೆ ಸಾಲದು. ಆದರೂ ಮೊಳಕೆಯೂ ಹೂವೂ ಕಾಲಕ್ರಮದಲ್ಲಿ ಮಾರಿದವನ ಸತ್ಯಾಸತ್ಯವನ್ನು ಹೊರಗೆಡಹುತ್ತವೆ. ಔಷಧ ಕೊಂಡವನ ಸ್ಥಿತಿಯೇ ಬೇರೆ. ಗುಳಿಗೆಯನ್ನು ನೋಡಿ ಅವನಿಗೆ ತಿಳಿಯುವುದೇನೂ ಇಲ್ಲ. ಸೇವಿಸಿದ ಬಳಿಕ ಕೇಡಾದರೂ ಅದು ರೋಗದ್ದೋ ಮದ್ದಿನದ್ದೋ ಎಂಬುದನ್ನು ಅವನು ಅರಿಯಲಾರನು. ಅವನ ಪರವಾಗಿ ಅರಿಯಬಲ್ಲವನೊಬ್ಬನು ಬೇಕು.

ಅಂಥವರನ್ನು ಸಿದ್ಧಪಡಿಸುವ ವ್ಯಾಸಂಗವನ್ನು 1932ರಲ್ಲಿ ಮಹಾದೇವಲಾಲ ಶ್ರಾಫರು ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದರು. 1948ರ ಫಾರ್ಮಸಿ ಕಾಯಿದೆಯು ವೈದ್ಯರ ಚೀಟಿಗೆ ಅಂಗಡಿಯಲ್ಲಿ ಮದ್ದು ಕೊಡುವ ಅಧಿಕಾರವನ್ನು ನೋಂದಾಯಿತನಾದವನಿಗೇ ಮೀಸಲಿಟ್ಟಿತು. ಇಂದು ಹಾವೇರಿಯ ತರುಣನು ನಾಲ್ಕು ವರ್ಷ ಓದಿ ಬಿ. ಫಾರ್ಮ್. ಪದವಿಯನ್ನೋ, ಎರಡು ವರ್ಷ ಓದಿ 500 ಗಂಟೆಗಳ ಅಭ್ಯಾಸ ಮುಗಿಸಿ ಡಿಪ್ಲೊಮಾವನ್ನೋ ಪಡೆಯುತ್ತಾನೆ.

ಅಷ್ಟರಲ್ಲಿ ಪ್ರಲೋಭನೆಯೊಂದು ಬಾಗಿಲಿಗೆ ಬರುತ್ತದೆ. ‘ನೀವು ಬರುವುದು ಬೇಡ, ನಿಮ್ಮ ಸರ್ಟಿಫಿಕೇಟೊಂದಿದ್ದರೆ ಸಾಕು, ತಿಂಗಳಿಗಿಷ್ಟು ಮುಟ್ಟಿಸುತ್ತೇನೆ’ ಎನ್ನುತ್ತಾನೆ ಅಂಗಡಿಕಾರನು. ಮನೆಯಲ್ಲಿ ಓದಿನ ಸಾಲವಿದೆ. ದಿನವಿಡೀ ಅಂಗಡಿಯಲ್ಲಿ ನಿಂತು ದುಡಿದರೂ ಸಂಬಳ ದೊಡ್ಡದಲ್ಲ. ತರುಣನೊಬ್ಬನನ್ನೇ ಹಳಿಯುವುದು ಸುಲಭ. ಆದರೆ ಓದಿಸಿದ ತಂದೆಯೇ ಮುಂದೆ ನಿಂತು ಈ ವ್ಯವಹಾರವನ್ನು ಕುದುರಿಸುವುದೂ ಉಂಟು.

‘ಹೊಲವನ್ನು ಲಾವಣಿಗೆ ಕೊಡುವುದಿಲ್ಲವೇ? ಕಾಗದಕ್ಕೇನು ದೋಷ?’ ಎಂದು ಕೇಳುವವರಿದ್ದಾರೆ. ಒಡೆಯನು ದೂರವಿದ್ದರೂ ಹೊಲವು ಬೆಳೆಯುತ್ತದೆ, ವಿದ್ಯೆಯು ಹಾಗಲ್ಲ. ರಕ್ತವು ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ಸೇವಿಸುವ ವೃದ್ಧೆಯೊಬ್ಬಳು ಮೊಣಕಾಲ ನೋವಿಗೆ ಡೈಕ್ಲೊಫೆನಾಕ್ ಗುಳಿಗೆ ಕೇಳಿದಳೆನ್ನೋಣ. ಎರಡೂ ಕೂಡಿದರೆ ರಕ್ತಸ್ರಾವದ ಅಪಾಯವು ಹೆಚ್ಚುತ್ತದೆ. ‘ಅವ್ವಾ, ಬೇರೆ ಯಾವ ಗುಳಿಗೆ ತೆಗೆದುಕೊಳ್ಳುತ್ತೀರಿ?’ ಎಂಬ ಪ್ರಶ್ನೆಯೊಂದೇ ಅವಳನ್ನು ಕಾಯಬಲ್ಲದು. ನಾಲ್ಕು ವರ್ಷಗಳ ಓದೆಲ್ಲವೂ ಆ ಪ್ರಶ್ನೆಯಲ್ಲಿದೆ. ಗೋಡೆಯ ಮೇಲಣ ಕಾಗದವು ಅದನ್ನು ಕೇಳಲಾರದು.

ಇದಕ್ಕಿಂತ ಬಲವಾದ ಆಕ್ಷೇಪವೊಂದುಂಟು. ಕಾಯಿದೆಯನ್ನು ಅಕ್ಷರಶಃ ನಡೆಸಿದರೆ ಚಿಕ್ಕ ಹಳ್ಳಿಯ ಅಂಗಡಿ ಮುಚ್ಚೀತು. ಆಗ ರಾತ್ರಿ ಜ್ವರ ಬಂದ ಕೂಸಿಗೆ ಗತಿಯೇನು? ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಅದು ಹಳ್ಳಿಯ ಅನಿವಾರ್ಯತೆಗೆ ಸಲ್ಲುವ ಸಮಾಧಾನವೇ ಹೊರತು, ಊರಾಚೆ ಕುಳಿತು ಬಾಡಿಗೆ ಎಣಿಸುವವನಿಗೆ ಸಲ್ಲತಕ್ಕದ್ದಲ್ಲ. ಅಂಗಡಿಗೆ ಬಂದ ಹಳ್ಳಿಗನು ಗೋಡೆಯ ಮೇಲಿನ ಹೆಸರನ್ನು ನೋಡಿ, ಮದ್ದು ಕಟ್ಟಿಕೊಡುತ್ತಿರುವ ಹುಡುಗನೇ ಆ ಹೆಸರಿನವನೆಂದು ನಂಬಿ ದುಡ್ಡೆಣಿಸಿ ಹೋಗುತ್ತಾನೆ.